ಚೈನ್ ಲೋಡರಿಗೆ ಕೊಡಗಿನ ತೋಟ ಯಾಕೆ ಒಗ್ಗಲಿಲ್ಲ

ರಸ್ತೆ ಕಾಮಗಾರಿಯಲ್ಲೋ ಅಣೆಕಟ್ಟಿನ ಕೆಲಸದಲ್ಲೋ ದುಡಿದು ಮುದಿಯಾದ ಚೈನ್ ಲೋಡರನ್ನು (ಚಕ್ರದ ಬದಲು ಉಕ್ಕಿನ ಚೈನಿನ ಮೇಲೆ ಓಡುವ ಮಣ್ಣೆತ್ತುವ ಯಂತ್ರವನ್ನು) ಗುಜರಿ ಬೆಲೆಗೆ ಕೊಂಡು, ರಿಪೇರಿ ಮಾಡಿಸಿ, ಹತ್ತೆಕರೆ ತೋಟಕ್ಕೆ ತಂದು ನಿಲ್ಲಿಸಿಕೊಂಡರೆ ಹೇಗೆ ಎಂಬ ಯೋಚನೆ ಬೆಳೆಗಾರನಿಗೆ ಬರುವುದು ಸಹಜವೇ. ಕೆರೆಯ ಹೂಳು ತೆಗೆಯಬೇಕು, ಕಾಫಿ ಒಣಗಿಸುವ ಕಣ ಮಟ್ಟ ಮಾಡಬೇಕು, ಮಳೆಗೆ ಬುಡಮೇಲಾದ ಸಿಲ್ವರ್ ಮರದ ಬೊಡ್ಡೆ ಎತ್ತಬೇಕು. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೈಗೆಟಕುವುದಿಲ್ಲ. ಆದರೆ ಈ ಜಿಲ್ಲೆಯ ಸಣ್ಣ ಹಿಡುವಳಿಗಳಿಗೆ ಯಾವ ಯಂತ್ರ ಬಂತು, ಯಾವುದು ಉಳಿಯಿತು ಎಂದು ಹಿಂದಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿಯ ಕಮ್ಮಾರನೋ ಮೆಕ್ಯಾನಿಕನೋ ಬಿಚ್ಚಿ ಮತ್ತೆ ಕೂಡಿಸಬಲ್ಲ ಯಂತ್ರ ಉಳಿಯಿತು. ಅವನ ಕೈ ಮೀರಿದ್ದು, ಎಷ್ಟೇ ಬಲಶಾಲಿಯಾಗಿದ್ದರೂ, ಬಾಡಿಗೆಯ ಯಂತ್ರವಾಗಿ ಬಂದು ಹೋಯಿತು.

ಇದಕ್ಕೆ ಭೂಗೋಳವೇ ಮೊದಲ ಕಾರಣ. ಕೊಡಗಿಗೆ ಇಂದಿಗೂ ರೈಲಿಲ್ಲ. ಬಿಡಿಭಾಗ ಬೇಕೆಂದರೆ ಮೈಸೂರಿನಿಂದಲೋ ಮಂಗಳೂರಿನಿಂದಲೋ ರಸ್ತೆಯಲ್ಲೇ ಬರಬೇಕು. ಜೂನ್ ಬಂತೆಂದರೆ ಘಾಟಿ ಯಾವಾಗ ಮುಚ್ಚುತ್ತದೋ ಹೇಳುವಂತಿಲ್ಲ. ಹಾಗಾಗಿ ರಿಪೇರಿ ಊರಿನಲ್ಲೇ ಆಗಬೇಕಿತ್ತು. ಯಂತ್ರಗಳಿಗೆ ಮುಂಚೆ ನೇಗಿಲಿನ ಗುಳ ಬಡಿಯುವುದು, ಕತ್ತಿ ಕಾಯಿಸಿ ಹದ ಮಾಡುವುದು ಐರಿಗಳಂಥ ಕುಶಲಕರ್ಮಿಗಳ ಕೆಲಸವಾಗಿತ್ತು. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದ ಸುಮಾರಿಗೆ ಬರುವ ಕೈಲ್ ಮುಹೂರ್ತದಲ್ಲಿ ಕೋವಿಯ ಜೊತೆ ನೇಗಿಲು ನೊಗಗಳಿಗೂ ಪೂಜೆ ಸಲ್ಲುವ ನಾಡಿದು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು, 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಹಾಕಿದ ಬಳಿಕ ತೋಟಗಳಿಗೆ ಬೀಡುಕಬ್ಬಿಣದ ಪಲ್ಪರ್ ಬಂತು. ಇದರಲ್ಲಿ ಅಡಗಿದ್ದೇನೂ ಇಲ್ಲ: ಉಬ್ಬು ಹೊಡೆದ ತಾಮ್ರದ ತಗಡು ಸುತ್ತಿದ ಒಂದು ಉರುಳೆ, ಎದುರಿಗೊಂದು ತಡೆ, ಎರಡರ ನಡುವೆ ಹಣ್ಣು ಸಿಕ್ಕಿ ಸಿಪ್ಪೆ ಕಳಚುತ್ತದೆ. ಸಂದು ಕಿರಿದಾದರೆ ಬೀಜ ಜಜ್ಜಿಹೋಗುತ್ತದೆ, ಹಿರಿದಾದರೆ ಹಣ್ಣು ಹಾಗೇ ದಾಟುತ್ತದೆ. ತಗಡು ಸವೆದರೆ ಬೇರೆ ತಗಡು ಸುತ್ತಿದರಾಯಿತು, ಉರುಳೆ ತಲೆಮಾರುಗಟ್ಟಲೆ ಬಾಳುತ್ತದೆ. ರೊಬಸ್ಟಾವನ್ನು ಹಣ್ಣಿದ್ದಂತೆಯೇ ಕಣದಲ್ಲಿ ಒಣಗಿಸುವ ಸಣ್ಣ ಬೆಳೆಗಾರನಿಗೆ ಪಲ್ಪರ್ ಅಷ್ಟಾಗಿ ಬೇಕಿರಲಿಲ್ಲ, ನಿಜ. ಆದರೆ ಯಂತ್ರವೆಂದರೆ ಸವೆದದ್ದನ್ನಷ್ಟೇ ಬದಲಿಸಿ ದುಡಿಸಿಕೊಳ್ಳುವ ವಸ್ತು ಎಂಬ ರೂಢಿ ಇಲ್ಲಿ ಬೇರೂರಿದ್ದು ತೋಟದ ಇಂಥ ಸರಕಿನಿಂದಲೇ.

ಈ ಮಾತಿಗೆ ಗಟ್ಟಿ ಸಾಕ್ಷಿ ಪವರ್ ಟಿಲ್ಲರ್. ಬೆಂಗಳೂರಿನ ವಿಎಸ್‌ಟಿ ಕಂಪನಿ ಹುಟ್ಟಿದ್ದು 1967ರಲ್ಲಿ, ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ. ಗುಡ್ಡಗಳ ನಡುವಿನ ಇಕ್ಕಟ್ಟು ಬಯಲಿಗೆ, ಟ್ರ್ಯಾಕ್ಟರ್ ತಿರುಗಲು ಜಾಗವಿಲ್ಲದ ಗದ್ದೆಯ ಮಡಿಗೆ, ಟಿಲ್ಲರ್ ಹೇಳಿ ಮಾಡಿಸಿದಂತಿತ್ತು. ಅದಕ್ಕಿಂತ ಮುಖ್ಯವಾದದ್ದು ಅದರ ಒಳಗು. ಅಡ್ಡ ಮಲಗಿದ ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್, ತಂಪಿಗೆ ನೀರು, ಗೇರ್ ಪೆಟ್ಟಿಗೆಗೆ ಬಲ ಒಯ್ಯಲು ವಿ ಬೆಲ್ಟ್, ಸ್ಟಾರ್ಟ್ ಮಾಡಲು ಕೈಹಿಡಿ. ಬೆಲ್ಟ್ ಹರಿದರೆ ಗದ್ದೆಯ ಬದುವಿನಲ್ಲೇ ಬದಲಿಸಬಹುದು. ಕೆಸರಿಗಿಳಿಸುವಾಗ ರಬ್ಬರ್ ಚಕ್ರ ಕಳಚಿ ಕೇಜ್ ವೀಲ್ ಹಾಕುತ್ತಾರೆ. ಅದರ ಪಟ್ಟಿ ಮುರಿದರೆ ಬೆಸುಗೆಯಂಗಡಿಯವನು ಸಂಜೆಯೊಳಗೆ ಕೂಡಿಸಿ ಕೊಡುತ್ತಾನೆ. ನಾಟಿ ಮುಗಿದ ಮೇಲೆ ಅದೇ ಟಿಲ್ಲರಿಗೆ ಟ್ರೇಲರ್ ಕಟ್ಟಿ ಗೊಬ್ಬರ, ಸೌದೆ, ಕಾಫಿ ಮೂಟೆ ಸಾಗಿಸುತ್ತಾರೆ. ಭತ್ತದ ಬೇಸಾಯ ಕುಗ್ಗುತ್ತ ಬಂದರೂ ಟಿಲ್ಲರ್ ಮೂಲೆಗೆ ಬೀಳದ್ದಕ್ಕೆ ಇದೂ ಒಂದು ಕಾರಣ.

ಜೀಪಿನ ಕಥೆಯೂ ಇದೇ. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರುಮಾಡಿತು. ಪಟ್ಟಿ ಸ್ಪ್ರಿಂಗು, ಬೋಲ್ಟಿನಲ್ಲಿ ನಿಂತ ಮೈ, ಎರಡೂ ಆಕ್ಸಲಿಗೆ ಬಲ: ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿದರೂ ಅದು ಬೇಸರಿಸದು. ತೋಟದ ಕೆಲಸದಿಂದ ನಿವೃತ್ತಿಯಾಗಬೇಕಿದ್ದ ಎಷ್ಟೋ ಜೀಪುಗಳು ಈಗ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಏರುತ್ತಿವೆ.

ಹೊಸದು ಕೊಳ್ಳಲು ದುಡ್ಡಿಲ್ಲದವರ ಅನಿವಾರ್ಯವನ್ನೇ ಇಲ್ಲಿ ಜಾಣತನವೆಂದು ಹೊಗಳಲಾಗುತ್ತಿದೆ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಸ್ವಲ್ಪ ಹುರುಳಿದೆ. ಕಾಫಿಯ ಹಣ ವರ್ಷಕ್ಕೊಮ್ಮೆ ಕೈಗೆ ಬರುವಂಥದ್ದು, ದೇಶದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕೂ ಹೆಚ್ಚು ಮಂದಿ ಸಣ್ಣವರು. ಬ್ರೇಕ್ ಹಿಡಿಯದ ಹಳೆಯ ಜೀಪು ಇಳಿಜಾರಿನಲ್ಲಿ ಜೀವಕ್ಕೇ ಸಂಚಕಾರ ಎಂಬುದನ್ನೂ ಮರೆಮಾಚಬೇಕಿಲ್ಲ. ಆದರೆ ಬಡತನವೊಂದೇ ಕಾರಣವಾಗಿದ್ದರೆ ಹಣವಿದ್ದ ದೊಡ್ಡ ಎಸ್ಟೇಟುಗಳು ಹಳೆಯ ಪಲ್ಪರನ್ನೂ ಜೀಪನ್ನೂ ಎಂದೋ ಎಸೆಯಬೇಕಿತ್ತು. ಅವರೂ ಇಟ್ಟುಕೊಂಡರು. ಮಳೆಗಾಲದ ನಡುವೆ ಕೆಟ್ಟು ನಿಂತ ಹೊಸ ಯಂತ್ರಕ್ಕಿಂತ ಸಂಜೆಯೊಳಗೆ ಎದ್ದು ಓಡುವ ಹಳೆಯದು ಅವರಿಗೂ ಲಾಭ.

ಹಾಗಿದ್ದರೆ ಚೈನ್ ಲೋಡರನ್ನೂ ಹಾಗೇ ಸಂಭಾಳಿಸಬಹುದಲ್ಲ? ಎಡವುವುದು ಇಲ್ಲೇ. ಕ್ಯಾಲಿಫೋರ್ನಿಯಾದ ಮೆತ್ತನೆ ನೆಲದಲ್ಲಿ ಹೂತುಹೋಗುತ್ತಿದ್ದ ಉಗಿ ಟ್ರ್ಯಾಕ್ಟರಿಗೆ 1904ರಲ್ಲಿ ಬೆಂಜಮಿನ್ ಹೋಲ್ಟ್ ಚೈನ್ ತೊಡಿಸಿದ್ದು ಬೇಸಾಯಕ್ಕಾಗಿಯೇ. ನಮ್ಮಲ್ಲಿ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕೆಜಿಎಫ್‌ನಲ್ಲಿ ಚೈನ್ ಡೋಜರ್‌ಗಳನ್ನು ತಯಾರಿಸಿತು, ಆದರೆ ಅವು ಹೋದದ್ದು ಗಣಿಗೆ, ಅಣೆಕಟ್ಟಿಗೆ, ರಸ್ತೆಗೆ. ಇಂಥ ಯಂತ್ರದ ಇಂಜಿನನ್ನು ಒಳ್ಳೆಯ ಮೆಕ್ಯಾನಿಕ್ ಬಗ್ಗಿಸಿಯಾನು. ತಲೆನೋವು ಇರುವುದು ಕೆಳಗೆ. ಚೈನಿನ ಕೊಂಡಿ ಕೊಂಡಿಗೂ ಒಂದು ಪಿನ್ನು, ಒಂದು ಬುಶ್. ಕಲ್ಲುಮಿಶ್ರಿತ ಕೆಂಪು ಮಣ್ಣು ಎರಡನ್ನೂ ಅರೆಯುತ್ತದೆ. ಒಂದೇ ಮಗ್ಗುಲು ಸವೆದ ಪಿನ್ನು ಬುಶ್‌ಗಳನ್ನು ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಕೂರಿಸಬೇಕಾದರೆ ಭಾರಿ ಹೈಡ್ರಾಲಿಕ್ ಪ್ರೆಸ್ ಬೇಕು, ಸುತ್ತಿಗೆಗೆ ಅದು ಜಗ್ಗುವುದಿಲ್ಲ. ಚೈನ್ ಉದ್ದವಾದಂತೆ ಹಲ್ಲುಚಕ್ರವೂ ರೋಲರುಗಳೂ ಅದರ ಬೆನ್ನಿಗೇ ಸವೆಯುತ್ತವೆ. ನಿರ್ವಹಣೆಯ ವೆಚ್ಚದಲ್ಲಿ ಸುಮಾರು ಅರ್ಧ ಈ ಕೆಳಭಾಗಕ್ಕೇ ಹೋಗುತ್ತದೆ ಎನ್ನುವುದು ಉದ್ಯಮದವರದ್ದೇ ಲೆಕ್ಕ. ಉಕ್ಕಿನ ಚೈನನ್ನು ಡಾಂಬರಿನ ಮೇಲೆ ಓಡಿಸುವಂತಿಲ್ಲ, ವರ್ಕ್‌ಶಾಪಿಗೆ ಒಯ್ಯಲೂ ಲಾರಿ ಬೇಕು. ಹತ್ತು ಟನ್ನಿನ ಭಾರ ಹೊತ್ತ ಲಾರಿಗೆ ತೋಟದ ದಾರಿಯ ಮೋರಿಗಳು ತಡೆಯಬೇಕಲ್ಲ.

ಚೈನ್ ಭಾರವನ್ನು ಹರಡುತ್ತದೆ, ಚಕ್ರದಷ್ಟು ನೆಲ ಅದುಮುವುದಿಲ್ಲ ಎಂದು ವಾದಿಸುವವರು ಹೇಳುವುದು ನೇರ ಹೋಗುವಾಗ ಸರಿ. ತಿರುಗುವಾಗ ಒಂದು ಬದಿ ಹಿಡಿದು ಇನ್ನೊಂದು ಬದಿ ಎಳೆಯುವುದರಿಂದ ಮೇಲ್ಮಣ್ಣು ಕಿತ್ತುಬರುತ್ತದೆ. ಗದ್ದೆಗಿಳಿಸಿದರಂತೂ, ವರ್ಷಗಟ್ಟಲೆ ಕೆಸರು ತುಳಿದು ಗಟ್ಟಿಯಾದ ಅಡಿಪದರ ಒಡೆದು ನೀರು ನಿಲ್ಲದಂತಾಗುತ್ತದೆ. ಎಸ್ಕಾರ್ಟ್ಸ್ ಕಂಪನಿಯ ಜೊತೆಗೂಡಿ 1979ರಲ್ಲಿ ಭಾರತಕ್ಕೆ ಬಂದ ಜೆಸಿಬಿಯಾದರೋ, ತನ್ನ ಚಕ್ರಗಳ ಮೇಲೆ ರಸ್ತೆಯಲ್ಲೇ ಓಡಿ ಬಂದು, ಗಂಟೆ ಲೆಕ್ಕದಲ್ಲಿ ದುಡಿದು ಹೋಗುವುದರಿಂದಲೇ ಊರೂರಿಗೂ ತಲುಪಿತು. ಇನ್ನು ಇಳಿಜಾರಿನ ಮಾತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮಳೆಯ ಜೊತೆಗೆ ಇಳಿಜಾರು ಕಡಿದು ಮಾಡಿದ ಬದಲಾವಣೆಗಳತ್ತಲೂ ಬೊಟ್ಟು ಮಾಡಿತು. ಯಂತ್ರ ಅಂಗಳದಲ್ಲೇ ನಿಂತಿದ್ದರೆ ಇನ್ನೊಂದಿಷ್ಟು ಮಣ್ಣು ಕೊರೆಯೋಣವೆಂಬ ಚಪಲ ಬರದೆ ಇರದು.

ಆದ್ದರಿಂದ ಕೊಡಗಿನ ಸಣ್ಣ ಬೆಳೆಗಾರ ಹಳೆಯ ಚೈನ್ ಲೋಡರಿಗೆ ಹಾಕುವ ದುಡ್ಡನ್ನು ತನ್ನ ಟಿಲ್ಲರಿನ ಇಂಜಿನ್ ಬಿಚ್ಚಿಸಿ ಸರಿಮಾಡಿಸಲು ಹಾಕುವುದು ಮೇಲು. ಕೆರೆಯ ಹೂಳಿಗೆ, ಬೇಸಿಗೆಯಲ್ಲಿ, ಬಾಡಿಗೆಯ ಜೆಸಿಬಿ ಸಾಕು.