ನಾ ನಿನ್ನ ಬಿಡಲಾರೆ (ಚಲನಚಿತ್ರ)

1979ರಲ್ಲಿ ತೆರೆಕಂಡ ಕನ್ನಡ ಚಿತ್ರ. ನಿರ್ದೇಶಕ ವಿಜಯ್, ಮುಖ್ಯ ಪಾತ್ರಗಳಲ್ಲಿ ಅನಂತನಾಗ್ ಮತ್ತು ಲಕ್ಷ್ಮಿ, ಸಂಗೀತ ರಾಜನ್-ನಾಗೇಂದ್ರ. ಇದರ ಹಾಡುಗಳನ್ನು ಜನ ಇಂದಿಗೂ ಕೇಳುತ್ತಾರೆ. ಆದರೆ ಕನ್ನಡದಲ್ಲಿ ಭಯಾನಕ ರಸಕ್ಕೆ ಒಂದು ಸ್ವಂತ ದಾರಿ ಹಾಕಿಕೊಟ್ಟ ಚಿತ್ರವೆಂಬ ಗೌರವ ಇದಕ್ಕೆ ಸಾಕಷ್ಟು ಸಂದಿಲ್ಲ. ಎಪ್ಪತ್ತರ ದಶಕದ ಮಾತು ಬಂದರೆ ‘ಸಂಸ್ಕಾರ’, ‘ಬಂಗಾರದ ಮನುಷ್ಯ’, ‘ಘಟಶ್ರಾದ್ಧ’ಗಳ ಚರ್ಚೆಯಲ್ಲೇ ಹೊತ್ತು ಕಳೆಯುತ್ತದೆ.

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿ (1897), ಕ್ರಿಸ್ಟೋಫರ್ ಲೀ ನಟಿಸಿದ 1958ರ ಬ್ರಿಟಿಷ್ ಚಿತ್ರ ಇವೆರಡೂ ರಕ್ತಪಿಶಾಚಿಗೆ ಕೋಟೆ, ಕೋರೆಹಲ್ಲು, ಶಿಲುಬೆಗಳ ಲೋಕವೊಂದನ್ನು ಕಟ್ಟಿಕೊಟ್ಟವು. ಕನ್ನಡದ ಪಿಶಾಚಿ ರಕ್ತ ಹೀರುವುದಿಲ್ಲ, ಸಂಸಾರ ಹೀರುತ್ತದೆ. ಈ ಚಿತ್ರದಲ್ಲಿ ಆಸೆ ತೀರದೆ ಸತ್ತ ಕಾಮಿನಿ ಎಂಬಾಕೆ ತಾನು ಬಯಸಿದ ಗಂಡಸಿನ ಮೈಮೇಲೇ ಬರುತ್ತಾಳೆ. ಸಾಮಾನ್ಯವಾಗಿ ದೆವ್ವ ಹಿಡಿಯುವುದು ಹೆಣ್ಣಿಗೆ. ಇಲ್ಲಿ ಗಂಡನಿಗೆ ಹಿಡಿದಿದೆ, ಹೋರಾಡುವವಳು ಹೆಂಡತಿ. ಅದುವರೆಗೆ ಸೌಮ್ಯ ನಾಯಕನೆಂದು ಜನ ಮೆಚ್ಚಿದ್ದ ಅನಂತನಾಗ್ ಅದೇ ಮೈಯಲ್ಲಿ ಇನ್ನೊಂದು ಜೀವವನ್ನು ತೋರಿಸಬೇಕಾಯಿತು. ಚಿತ್ರದ ದೊಡ್ಡ ಬಲವೇ ಆ ಅಭಿನಯ. ಶಿಲುಬೆಯ ಜಾಗದಲ್ಲಿರುವುದು ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಮೇಲಿನ ಭಕ್ತಿ. ಗುರುವಾರ ತಪ್ಪದೆ ರಾಯರ ಮಠಕ್ಕೆ ಹೋಗುವ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮನೆಗಳಿಗೆ ಈ ರಕ್ಷೆಯನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ಹೊರಗಿನಿಂದ ಬಂದ ಪ್ರಕಾರವೊಂದು ನಮ್ಮದಾದದ್ದು ಹೀಗೆ.

1981ರಲ್ಲಿ ವಿಜಯ್ ಅವರೇ ಇದನ್ನು ‘ಮಂಗಳಸೂತ್ರ’ ಎಂದು ಹಿಂದಿಗೆ ತಂದರು. ನಾಯಕ ಅನಂತನಾಗ್ ಅವರೇ, ನಾಯಕಿ ರೇಖಾ.

ಮುಂದೆ ಕನ್ನಡದಲ್ಲಿ ಈ ಭಯಾನಕ ಪ್ರಕಾರ ಬೇರೆ ಬೇರೆ ಜಾಡು ಹಿಡಿಯಿತು. ಉಪೇಂದ್ರರ ‘ಶ್!’ (1993) ಭಯವನ್ನು ಸಿನಿಮಾ ಚಿತ್ರೀಕರಣದ ತಾಣಕ್ಕೇ ತಂದಿತು. ‘ಆಪ್ತಮಿತ್ರ’ (2004) ದೆವ್ವವನ್ನು ಮನೋರೋಗವಾಗಿಸಿತು. ತೆರೆಯ ಹೊರಗೆ, ಬೆಂಗಳೂರಿನ ಹಳೆಯ ಬಡಾವಣೆಗಳ ಬಾಗಿಲುಗಳ ಮೇಲೆ ಒಂದು ಕಾಲಕ್ಕೆ ‘ನಾಳೆ ಬಾ’ ಎಂಬ ಬರಹ ಕಾಣುತ್ತಿತ್ತು. ರಾತ್ರಿ ಮನೆಯವರ ದನಿಯಲ್ಲೇ ಕೂಗಿ ಕದ ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಮತ್ತೆ ಅದನ್ನೇ ಓದುತ್ತದೆ ಎಂಬುದು ನಂಬಿಕೆ. ಕರೆಯದೆ ಹೊಸ್ತಿಲು ದಾಟಲಾರದ ಯುರೋಪಿನ ರಕ್ತಪಿಶಾಚಿಗೂ ಇದಕ್ಕೂ ಹತ್ತಿರದ ನಂಟು. ಹಿಂದಿಯ ‘ಸ್ತ್ರೀ’ (2018) ಬಳಸಿಕೊಂಡದ್ದು ಈ ಕಥೆಯನ್ನೇ.

‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಕಲಾತ್ಮಕ ಚಿತ್ರಗಳಿಗೆ ಸಿಗುವ ಈ ಕಾಳಜಿ ‘ನಾ ನಿನ್ನ ಬಿಡಲಾರೆ’ಯಂಥ ಜನಪ್ರಿಯ ಚಿತ್ರಕ್ಕೂ ಸಿಗಬೇಕು.