ಸೊಪ್ಪಿನ ಮಡಿಯಲ್ಲಿ ಅಂತರ ಮತ್ತು ನೀರು: ಒಂದು ಸಮೀಕ್ಷೆ

ಸೊಪ್ಪಿನ ಬೆಳೆಗೆ ಆಯಸ್ಸು ಕಡಿಮೆ. ಮೆಂತ್ಯ, ಕೊತ್ತಂಬರಿ, ದಂಟು, ಪಾಲಕ್ ಯಾವುದನ್ನೇ ಬಿತ್ತಿದರೂ ಮೂರರಿಂದ ಆರು ವಾರಗಳಲ್ಲಿ ಮೊದಲ ಕಟ್ಟು ಸಂತೆಗೆ ಹೋಗಬೇಕು. ರಾಗಿ ಒಂದು ವಾರ ಬಾಡಿದರೂ ಮಳೆ ಬಿದ್ದಾಗ ಚೇತರಿಸಿಕೊಳ್ಳುತ್ತದೆ. ಸೊಪ್ಪಿಗೆ ಅಷ್ಟು ಪುರುಸೊತ್ತಿಲ್ಲ. ನೀರು ತಪ್ಪಿದರೆ ಎಲೆ ಒರಟಾಗುತ್ತದೆ, ದಂಟು ನಾರಾಗುತ್ತದೆ, ಗಿಡ ಬೇಗ ಹೂವಿಗೆ ತಿರುಗುತ್ತದೆ. ಹಾಗಾಗಿ ಗಿಡದಿಂದ ಗಿಡಕ್ಕೆ ಎಷ್ಟು ಅಂತರ, ಎಷ್ಟು ದಿನಕ್ಕೊಮ್ಮೆ ಎಷ್ಟು ನೀರು ಎಂಬ ಎರಡು ನಿರ್ಧಾರಗಳೇ ಈ ಬೆಳೆಯ ಲಾಭನಷ್ಟವನ್ನು ಬಹುಪಾಲು ಬರೆದುಬಿಡುತ್ತವೆ. ವಿಜ್ಞಾನ ಈ ಎರಡನ್ನೂ ಬಹುಕಾಲ ಬೇರೆ ಬೇರೆಯಾಗಿ ಅಳೆಯಿತು. ಒಂದರ ಉತ್ತರ ಇನ್ನೊಂದನ್ನು ಹಿಡಿದು ನಿಂತಿದೆ ಎಂಬುದು ನಿಧಾನವಾಗಿ ಸ್ಪಷ್ಟವಾಯಿತು.

ದಟ್ಟಣೆಯ ಲೆಕ್ಕ

ಗಿಡಗಳ ಪೈಪೋಟಿಗೆ ಗಣಿತದ ರೂಪ ಕೊಟ್ಟವರು ಜಪಾನಿನ ವಿಜ್ಞಾನಿಗಳು. 1953ರಲ್ಲಿ ಕಿರಾ ಮತ್ತು ಸಂಗಡಿಗರು, 1956ರಲ್ಲಿ ಶಿನೋಝಾಕಿ ಮತ್ತು ಕಿರಾ ಪ್ರಕಟಿಸಿದ ಪ್ರಯೋಗಗಳ ಸಾರ ಇದು: ಗಿಡಗಳ ಸಂಖ್ಯೆ ಹೆಚ್ಚಿಸುತ್ತ ಹೋದರೆ ಒಟ್ಟು ತೂಕ ಒಂದು ಹಂತದವರೆಗೆ ಏರಿ, ಅಲ್ಲಿಂದಾಚೆಗೆ ಸಮತಟ್ಟಾಗುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಒಂದೊಂದು ಗಿಡ ಚಿಕ್ಕದಾಗುತ್ತದೆ, ಅಷ್ಟೆ. 1960ರಲ್ಲಿ ಹಾಲಿಡೇ ಇದಕ್ಕೆ ಮುಖ್ಯವಾದ ಒಂದು ಭೇದ ಸೇರಿಸಿದರು. ಕಾಳಿನ ಬೆಳೆಯಲ್ಲಿ ದಟ್ಟಣೆ ಮಿತಿ ಮೀರಿದರೆ ಇಳುವರಿ ಇಳಿಯುತ್ತದೆ, ಆದರೆ ಇಡೀ ಗಿಡವನ್ನೇ ಕೊಯ್ಯುವ ಬೆಳೆಯಲ್ಲಿ ಇಳಿಯದೆ ನಿಂತುಬಿಡುತ್ತದೆ.

ಸೊಪ್ಪು ಈ ಎರಡನೆಯ ಗುಂಪಿನದು. ಆದ್ದರಿಂದ ಸೊಪ್ಪಿಗೆ ಸರಿಯಾದ ಅಂತರ ಒಂದೇ ಇಲ್ಲ; ತೂಕ ಹೆಚ್ಚುಕಡಿಮೆ ಒಂದೇ ಇರುವ ವಿಶಾಲ ವ್ಯಾಪ್ತಿಯೇ ಇದೆ. ಆ ವ್ಯಾಪ್ತಿಯೊಳಗೆ ಎಲ್ಲಿ ನಿಲ್ಲಬೇಕೆಂಬುದನ್ನು ಎಲೆಯ ಗಾತ್ರ, ಬೀಜದ ಖರ್ಚು, ರೋಗದ ಭಯ, ಕೊಳ್ಳುವವರ ಬೇಡಿಕೆ ತೀರ್ಮಾನಿಸುತ್ತವೆ. ಇಂಗ್ಲೆಂಡಿನ ವೆಲ್ಸ್‌ಬೋರ್ನ್‌ನ ರಾಷ್ಟ್ರೀಯ ತರಕಾರಿ ಸಂಶೋಧನಾ ಕೇಂದ್ರದಲ್ಲಿ ಬ್ಲೀಸ್‌ಡೇಲ್ ಮತ್ತು ನೆಲ್ಡರ್ ಇದೇ ದಾರಿಯಲ್ಲಿ ಕೆಲಸ ಮಾಡಿದರು. 1962ರಲ್ಲಿ ನೆಲ್ಡರ್ ರೂಪಿಸಿದ ಬೀಸಣಿಗೆ ವಿನ್ಯಾಸದಲ್ಲಿ ಗಿಡಗಳನ್ನು ಕಮಾನು ಸಾಲುಗಳಲ್ಲಿ ನೆಟ್ಟು, ಒಳಗಿನಿಂದ ಹೊರಕ್ಕೆ ಅಂತರ ಹಿಗ್ಗುವಂತೆ ಮಾಡಲಾಗುತ್ತದೆ. ಹತ್ತಾರು ತಾಕುಗಳು ಬೇಡುತ್ತಿದ್ದ ಹೋಲಿಕೆ ಒಂದೇ ತಾಕಿನಲ್ಲಿ ಸಾಧ್ಯವಾಯಿತು.

ನೀರಿನ ಲೆಕ್ಕ

ನೀರಿನ ಕಡೆ ತಿರುವು ಬಂದದ್ದು 1948ರಲ್ಲಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಪೆನ್‌ಮನ್ ಬಿಸಿಲು, ಗಾಳಿ, ಉಷ್ಣತೆ, ತೇವಾಂಶಗಳಿಂದ ಆವಿಯಾಗುವ ನೀರನ್ನು ಅಂದಾಜಿಸುವ ಸೂತ್ರ ಕೊಟ್ಟರು. ಭಾರತದ ಕೃಷಿ ಕೇಂದ್ರಗಳು ಇನ್ನೂ ಸರಳ ದಾರಿ ಹಿಡಿದವು. ತೆರೆದ ಬಾಣಲೆಯಿಂದ ಆವಿಯಾದ ನೀರನ್ನು ದಿನವೂ ಅಳೆದು, ಅದು ಒಂದು ಮಟ್ಟಕ್ಕೆ ಬಂದಾಗ ನೀರು ಹಾಯಿಸುವ ಕ್ರಮ 1970ರ ದಶಕದಿಂದ ಇಲ್ಲಿನ ಪ್ರಯೋಗಗಳಲ್ಲಿ ರೂಢಿಯಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1977ರ ಕೈಪಿಡಿಯಲ್ಲಿ, ಮತ್ತೆ 1998ರ 56ನೇ ಕೈಪಿಡಿಯಲ್ಲಿ, ಯಾವ ಬೆಳೆಗೆ ಎಷ್ಟು ನೀರು ಬೇಕೆಂದು ಲೆಕ್ಕ ಹಾಕುವ ಬೆಳೆವಾರು ಗುಣಾಂಕಗಳನ್ನು ಪಟ್ಟಿ ಮಾಡಿತು.

ಆ ಪಟ್ಟಿಯಲ್ಲಿ ಪಾಲಕ್ ಕುಟುಂಬದ ಸ್ಪಿನಾಚ್‌ನ ಸಾಲು ಗಮನಿಸುವಂಥದ್ದು. ಬೇರಿನ ಆಳ 30ರಿಂದ 50 ಸೆಂ.ಮೀ. ಮಾತ್ರ, ಬೇರುವಲಯದ ಲಭ್ಯ ನೀರಿನಲ್ಲಿ ಶೇಕಡ 20ರಷ್ಟು ಖರ್ಚಾಗುವಷ್ಟರಲ್ಲೇ ಮತ್ತೆ ನೀರು ಬೇಕು. ನಮ್ಮ ಕೆಂಪುಮಣ್ಣಿಗೆ ಇದನ್ನು ಅನ್ವಯಿಸಿ ನೋಡೋಣ. ಮೀಟರ್ ಆಳಕ್ಕೆ ಸುಮಾರು 100 ಮಿ.ಮೀ. ನೀರು ಹಿಡಿಯುವ ಮಣ್ಣು 30 ಸೆಂ.ಮೀ.ಗೆ 30 ಮಿ.ಮೀ. ಹಿಡಿಯುತ್ತದೆ. ಅದರ ಐದನೇ ಒಂದು ಭಾಗ 6 ಮಿ.ಮೀ. ದಿನಕ್ಕೆ 5 ಮಿ.ಮೀ. ಆವಿಯಾಗುವ ಬೇಸಿಗೆಯಲ್ಲಿ ಅದು ಒಂದು ದಿನಕ್ಕೆ ಸ್ವಲ್ಪ ಮೇಲೆ ಸಾಕಾಗುತ್ತದೆ. ಸೊಪ್ಪಿನ ಮಡಿಗೆ ದಿನವೂ, ಇಲ್ಲವೇ ದಿನ ಬಿಟ್ಟು ದಿನ ಹಗುರವಾಗಿ ನೀರುಣಿಸುವ ಹಿರಿಯರ ಪದ್ಧತಿಗೆ ಈ ಲೆಕ್ಕ ಬೆಂಬಲವಾಗಿ ನಿಲ್ಲುತ್ತದೆ. ಕಾಲುವೆ ಕಡಿದು ಮಡಿ ತುಂಬಿಸಿದಾಗ ಇದರ ಹಲವು ಪಟ್ಟು ನೀರು ಒಮ್ಮೆಗೇ ಇಳಿಯುತ್ತದೆ. ಬೇರಿಗೆ ಎಟುಕದೆ ಕೆಳಗಿಳಿದ ನೀರು ಜೊತೆಗೆ ಸಾರಜನಕವನ್ನೂ ಒಯ್ಯುತ್ತದೆ.

ಎರಡೂ ಕೂಡಿದಾಗ

ಅಂತರ ಮತ್ತು ನೀರನ್ನು ಒಟ್ಟಿಗೆ ಪರೀಕ್ಷಿಸಲು ದಾರಿಯಾದದ್ದು ಸಂಖ್ಯಾಶಾಸ್ತ್ರಜ್ಞರಾದ ಫಿಶರ್ ಮತ್ತು ಯೇಟ್ಸ್ ಬೆಳೆಸಿದ ವಿಭಜಿತ ತಾಕಿನ ವಿನ್ಯಾಸ. ನೀರು ಪಕ್ಕದ ತಾಕಿಗೆ ಜಿನುಗುವುದರಿಂದ ನೀರಾವರಿಗೆ ದೊಡ್ಡ ತಾಕು, ಅದರೊಳಗೆ ಅಂತರಕ್ಕೆ ಚಿಕ್ಕ ತಾಕುಗಳು. ಇಂದಿಗೂ ಇಂಥ ಅಧ್ಯಯನಗಳ ಸಾಮಾನ್ಯ ಚೌಕಟ್ಟು ಇದೇ.

ಈ ಎರಡರ ಸಂಬಂಧಕ್ಕೆ ಭೌತಿಕ ವಿವರಣೆ ಸಿಕ್ಕಿದ್ದು 56ನೇ ಕೈಪಿಡಿಯ ಇಬ್ಬಗೆ ಗುಣಾಂಕದಲ್ಲಿ. ಅದು ಗಿಡ ಎಲೆಗಳ ಮೂಲಕ ಬಿಡುವ ನೀರನ್ನೂ ಬರಿ ನೆಲದಿಂದ ಆರುವ ನೀರನ್ನೂ ಬೇರ್ಪಡಿಸುತ್ತದೆ. ಅಂತರ ದೊಡ್ಡದಾದರೆ ನೆಲ ಬಹುದಿನ ಬಿಸಿಲಿಗೆ ಬಿದ್ದಿರುತ್ತದೆ. ಹಾಕಿದ ನೀರಿನಲ್ಲಿ ದೊಡ್ಡ ಪಾಲು ಯಾವ ಎಲೆಯನ್ನೂ ಬೆಳೆಸದೆ ಹೋಗುತ್ತದೆ. ಅಂತರ ಕಿರಿದಾದರೆ ಎಲೆಗಳು ಬೇಗ ನೆಲ ಮುಚ್ಚುತ್ತವೆ. ಒಮ್ಮೆ ಮುಚ್ಚಿದ ಮೇಲೆ ಮಡಿಯ ಒಟ್ಟು ಬಳಕೆಯನ್ನು ಗಿಡಗಳ ಸಂಖ್ಯೆಗಿಂತ ಹೆಚ್ಚಾಗಿ ಬಿಸಿಲು ನಿರ್ಧರಿಸುತ್ತದೆ. 20x10 ಸೆಂ.ಮೀ. ಅಂತರದಲ್ಲಿ ಚದರ ಮೀಟರಿಗೆ 50 ಗಿಡ, 30x20ರಲ್ಲಿ ಸುಮಾರು 17. ಚದರ ಮೀಟರಿಗೆ ದಿನಕ್ಕೆ ಕೊಡುವ 5 ಲೀಟರ್ ನೀರು ಮೊದಲನೆಯದರಲ್ಲಿ ಗಿಡಕ್ಕೆ 100 ಮಿ.ಲೀ., ಎರಡನೆಯದರಲ್ಲಿ 300 ಮಿ.ಲೀ. ಆಗಿ ಹಂಚಿಹೋಗುತ್ತದೆ. ನೀರು ನಿಯಮಿತವಾಗಿ ಸಿಗುವವರೆಗೆ ದಟ್ಟ ಮಡಿಯೇ ಲೀಟರಿಗೆ ಹೆಚ್ಚು ಸೊಪ್ಪು ಕೊಡುತ್ತದೆ. ಕರೆಂಟು ಕೈಕೊಟ್ಟು ಎರಡು ದಿನ ನೀರು ತಪ್ಪಿದರೆ ಮೊದಲು ಬಾಡುವುದೂ ಅದೇ.

ನಮ್ಮ ಮಡಿಗಳಲ್ಲಿ

ಕರ್ನಾಟಕದಲ್ಲಿ ಸೊಪ್ಪು ಹೆಚ್ಚಾಗಿ ಚೆಲ್ಲಿ ಬಿತ್ತುವ ಬೆಳೆ. ದಂಟಿನ ಸಣ್ಣ ಬೀಜಕ್ಕೆ ಮರಳು ಬೆರೆಸಿ ಎರಚುತ್ತಾರೆ. ಒತ್ತಾಗಿ ಬಂದ ಸಸಿಗಳನ್ನು ಕಿತ್ತು ಎಳೆಸೊಪ್ಪಾಗಿ ಮಾರುತ್ತಾರೆ. ಉಳಿದವು ಹರಡಿಕೊಂಡು ದಂಟಾಗುತ್ತವೆ. ಇಲ್ಲಿ ಅಂತರವೆಂಬುದು ವಾರವಾರಕ್ಕೂ ಬದಲಾಗುವ ಸಂಗತಿ. ತೆಳುಗೊಳಿಸುವ ಕೆಲಸವೇ ಮೊದಲ ಆದಾಯವಾಗುವ ಈ ಪದ್ಧತಿಯಲ್ಲಿ ದೊಡ್ಡ ಜಾಣತನವಿದೆ.

1967ರಲ್ಲಿ ಸ್ಥಾಪನೆಯಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳು ಇದಕ್ಕೆ ಹೊಸ ಆಯ್ಕೆಗಳನ್ನು ಸೇರಿಸಿದವು. ಹಲವು ಬಾರಿ ಕೊಯ್ಯುವ ದಂಟು ಅರ್ಕಾ ಸುಗುಣ 90 ದಿನಗಳಲ್ಲಿ ಹೆಕ್ಟೇರಿಗೆ 25ರಿಂದ 30 ಟನ್, ಪಾಲಕ್ ತಳಿ ಅರ್ಕಾ ಅನುಪಮ ಸುಮಾರು 40 ಟನ್ ಕೊಡುವಂಥವು. ಅರ್ಕಾ ಸಂರಕ್ಷಾ ಬೇರುಸಹಿತ ಕಿತ್ತು ಮಾರುವ ದಂಟು. ಕೊಯ್ದ ಬುಡದಿಂದ ಮತ್ತೆ ಮತ್ತೆ ಚಿಗುರಬೇಕಾದ ಗಿಡಕ್ಕೆ ಜಾಗ ಬೇಕು. ಒಮ್ಮೆಗೇ ಕೀಳುವ ಗಿಡಕ್ಕೆ ಒತ್ತು ಸಾಲು ಸಾಕು. ಬೆಳೆಯ ಸ್ವಭಾವವೂ ಮುಖ್ಯ. ದಂಟು ಸಿ-4 ಗುಂಪಿನ ಗಿಡ, ಬಿಸಿಲಲ್ಲಿ ಕಡಿಮೆ ನೀರಿಗೆ ಹೆಚ್ಚು ಒಣತೂಕ ಕೂಡಿಸುತ್ತದೆ. ಪಾಲಕ್, ಮೆಂತ್ಯ, ಕೊತ್ತಂಬರಿಗಳಿಗೆ ಆ ಅನುಕೂಲವಿಲ್ಲ.

1965ರಲ್ಲಿ ಇಸ್ರೇಲಿನಲ್ಲಿ ಉದ್ಯಮವಾಗಿ ಬೆಳೆಯಲು ಆರಂಭಿಸಿದ ಹನಿ ನೀರಾವರಿ, ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಟೊಮೆಟೊದ ಸಾಲುಗಳಿಗೆ ಸುಲಭವಾಗಿ ಒಗ್ಗಿತು. ಸೊಪ್ಪಿಗೆ ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಮೇಲುಮೇಲೆ ಬಿದ್ದ ಬೀಜ ಮೊಳೆಯಲು ಮಡಿಯ ಇಡೀ ಮೇಲ್ಮೈ ತೇವವಾಗಿರಬೇಕು. ಎರಡು ಹನಿಗಂಡಿಗಳ ನಡುವಿನ ನೆಲ ಒಣಗಿಯೇ ಉಳಿಯಬಹುದು. ಹಾಗಾಗಿ ರೈತರು ಮೈಕ್ರೋ ಸ್ಪ್ರಿಂಕ್ಲರ್ ಮತ್ತು ರೇನ್ ಪೈಪಿನ ಕಡೆ ವಾಲಿದ್ದಾರೆ. ಹನಿ ಪೈಪು ಬೇಕೆಂದರೆ ಚೆಲ್ಲುವುದನ್ನು ಬಿಟ್ಟು ಏರುಮಡಿಯಲ್ಲಿ ಸಾಲು ಬಿತ್ತನೆ ಮಾಡಬೇಕಾಗುತ್ತದೆ. ಅಂತರದ ಆಯ್ಕೆ ಇಲ್ಲಿ ನೀರಾವರಿಯ ಉಪಕರಣಕ್ಕೇ ಕಟ್ಟುಬಿದ್ದಿದೆ.

ತೂಕದಿಂದ ಗುಣದ ಕಡೆಗೆ

ಇತ್ತೀಚಿನ ಎರಡು ದಶಕಗಳಲ್ಲಿ ಪ್ರಶ್ನೆಗಳೇ ಬದಲಾಗಿವೆ. ಒತ್ತು ಮಡಿಗೆ ಮೇಲಿನಿಂದ ನೀರು ಚಿಮುಕಿಸಿದರೆ ಎಲೆ ಗಂಟೆಗಟ್ಟಲೆ ಒದ್ದೆಯಾಗಿರುತ್ತದೆ. ದಂಟಿನ ಬಿಳಿ ತುಕ್ಕು, ಸಸಿ ಕೊಳೆಯುವ ರೋಗಗಳಿಗೆ ಅದೇ ಆಹ್ವಾನ. ಬೆಳಗಿನ ನೀರು ಸಂಜೆಯ ನೀರಿಗಿಂತ ಕ್ಷೇಮ ಎಂಬ ಸಲಹೆಯ ಹಿಂದಿನ ಕಾರಣವೂ ಇದೇ. ಒತ್ತಾದ ಮಡಿಯ ನೆರಳಿನಲ್ಲಿ, ಯೂರಿಯಾ ಹೆಚ್ಚಾದಾಗ, ಎಲೆಗಳಲ್ಲಿ ನೈಟ್ರೇಟ್ ಶೇಖರವಾಗುತ್ತದೆ. ಅದನ್ನು ಪರಿವರ್ತಿಸುವ ಕಿಣ್ವಕ್ಕೆ ಬೆಳಕು ಬೇಕು.

2006ರಲ್ಲಿ ಕ್ಯಾಲಿಫೋರ್ನಿಯಾದ ಸ್ಪಿನಾಚ್‌ನಿಂದ ಇ. ಕೋಲಿ ಸೋಂಕು ಅಮೆರಿಕದ 26 ರಾಜ್ಯಗಳಿಗೆ ಹರಡಿ ಮೂವರು ಸತ್ತ ಮೇಲೆ, ನೀರಿನ ಪ್ರಮಾಣದಷ್ಟೇ ಶುದ್ಧತೆಯೂ ಸಂಶೋಧನೆಯ ಕೇಂದ್ರಕ್ಕೆ ಬಂತು. ಹಸಿಯಾಗಿ ತಿನ್ನುವ ಕೊತ್ತಂಬರಿಯ ಎಲೆಗೆ ಕೊಳಚೆ ನೀರು ತಾಗದಂತೆ ಬುಡಕ್ಕೆ ಮಾತ್ರ ನೀರು ಕೊಡುವುದು ಆರೋಗ್ಯದ ಪ್ರಶ್ನೆಯೂ ಹೌದು. ಆದರೆ ಕೊಳಚೆಯ ಭಾರಲೋಹಗಳು ಬೇರಿನ ಮೂಲಕವೇ ಎಲೆಗೆ ಏರುತ್ತವೆ. ವೃಷಭಾವತಿ ಹರಿದು ಸೇರುವ ಬೈರಮಂಗಲ ಕೆರೆಯಂಥ ಕಡೆ ಅಂತರವನ್ನಾಗಲಿ ವಿಧಾನವನ್ನಾಗಲಿ ಬದಲಿಸಿದರೆ ಸಾಲದು, ನೀರೇ ಶುದ್ಧವಾಗಬೇಕು.

ಮುಂದೆ ಆಗಬೇಕಾದದ್ದು

ಎಪ್ಪತ್ತೈದು ವರ್ಷಗಳ ಈ ಅರಿವು ರೈತರ ಕೈಗೆ ಇಡಿಯಾಗಿ ತಲುಪಬೇಕಾದರೆ ಶಿಫಾರಸಿನ ರೂಪ ಬದಲಾಗಬೇಕು. ಅಂತರ ಇಷ್ಟು ಸೆಂ.ಮೀ. ಎಂದಷ್ಟೇ ಹೇಳಿದರೆ ಅದು ಅರ್ಧ ಮಾತು. ಯಾವ ನೀರಾವರಿಗೆ, ಕಿತ್ತು ಮಾರಲೋ ಕೊಯ್ದು ಮಾರಲೋ, ಯಾವ ಹಂಗಾಮಿಗೆ ಎಂಬುದೂ ಅದರ ಜೊತೆಯಲ್ಲೇ ಇರಬೇಕು. ಇಳುವರಿಯನ್ನು ಹೆಕ್ಟೇರಿಗೆ ಟನ್ ಲೆಕ್ಕದಲ್ಲಿ ಕೊಡುವಾಗ ಸಾವಿರ ಲೀಟರ್ ನೀರಿಗೆ ಎಷ್ಟು ಕಟ್ಟು ಎಂಬುದನ್ನೂ ಕೊಡಬೇಕು. ಚೆಲ್ಲಿ ಬಿತ್ತಿ, ತೆಳುಗೊಳಿಸಿ, ಮಾರುವ ನಮ್ಮ ಪದ್ಧತಿಯನ್ನು ಸಾಲು ಬಿತ್ತನೆಯ ಎದುರು ಸಮಾನವಾಗಿ ನಿಲ್ಲಿಸಿ ಪರೀಕ್ಷಿಸಬೇಕು. ಕೊಳವೆಬಾವಿಗಳು ಸಾವಿರ ಅಡಿ ದಾಟಿರುವ ನಾಡಿನಲ್ಲಿ ಸೊಪ್ಪು ಬೆಳೆಯುವವರಿಗೆ ಜಮೀನಿಗಿಂತ ನೀರೇ ದುಬಾರಿ, ಸಂಶೋಧನೆಯ ಅಳತೆಗೋಲೂ ಅದೇ ಆಗಬೇಕು.