ಎಂಜಿನ್‌ಗೆ ಪೇಂಟ್ ಹೊಡೆದರೆ ಗಾಡಿ ಬಿಸಿಯಾಗುತ್ತದೆಯೇ? ಹಳೆ ಕಾರನ್ನು ಮನೆಯಲ್ಲೇ ಬಿಚ್ಚುವವರಿಗೆ ಗೊತ್ತಿರಬೇಕಾದ ಸಂಗತಿಗಳು

"ಎಂಜಿನ್‌ಗೆ ಬಣ್ಣ ಬಳಿದರೆ ಶಾಖ ಹೊರಗೆ ಹೋಗದೆ ಎಂಜಿನ್ ಸೀಜ್ ಆಗುತ್ತದೆ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದರ ಬೆನ್ನಿಗೇ "ಸಿಲ್ವರ್ ಬಣ್ಣ ಹೊಡೆಯಿರಿ, ಎಂಜಿನ್ ತಂಪಾಗಿರುತ್ತದೆ" ಎಂಬ ಸಲಹೆಯೂ ಬರುತ್ತದೆ. ಹಳೆ ಅಂಬಾಸಿಡರ್ ಅಥವಾ ಪದ್ಮಿನಿಯನ್ನು ಶೆಡ್ಡಿನಿಂದ ಹೊರಗೆ ತೆಗೆದು, ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ಎಂಜಿನ್ ಬಿಚ್ಚಲು ಕೂತವರಿಗೆ ಇಂಥ ಸಲಹೆಗಳಿಗೆ ಬರವಿಲ್ಲ. ಬಣ್ಣದ ಬಗೆಗಿನ ಈ ಎರಡೂ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಹಳೆ ಎಂಜಿನ್ ಬಿಸಿಯಾಗಲು ಬೇರೆಯೇ ಕಾರಣವಿದೆ. ಅದಕ್ಕಿಂತ ಮುಖ್ಯವಾಗಿ, ಈ ಕೆಲಸದಲ್ಲಿ ಎಂಜಿನ್‌ಗಿಂತ ಹೆಚ್ಚು ಅಪಾಯ ಅದನ್ನು ಬಿಚ್ಚುವ ಮನುಷ್ಯನಿಗೆ.

ಮೊದಲು ಗಾಡಿಗಳ ವಿಚಾರ. ಹಿಂದೂಸ್ತಾನ್ ಮೋಟಾರ್ಸ್‌ನವರ ಅಂಬಾಸಿಡರ್‌ನಲ್ಲಿ ದೀರ್ಘಕಾಲ ಇದ್ದದ್ದು ಬ್ರಿಟಿಷ್ ಮೂಲದ 1489 ಸಿಸಿ ಪೆಟ್ರೋಲ್ ಎಂಜಿನ್. ಅದರ ಬ್ಲಾಕೂ ಹೆಡ್ಡೂ ಎರಕದ ಕಬ್ಬಿಣ. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಫಿಯೆಟ್ ಎಂಜಿನ್‌ನಲ್ಲಿ ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ. (ಬಿಜಾಪುರ ಅಧಿಕೃತವಾಗಿ ವಿಜಯಪುರವಾದ 2014ರಲ್ಲೇ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಅಂದರೆ ಹೊಚ್ಚಹೊಸ ಅಂಬಾಸಿಡರ್‌ಗೂ ಈಗ ಹತ್ತು ವರ್ಷ ದಾಟಿದೆ.)

ಬಣ್ಣದ ಪದರ ಶಾಖವನ್ನು ತಡೆಯುತ್ತದೆಯೇ?

ಈ ಎಂಜಿನ್‌ಗಳು ನೀರಿನಿಂದ ತಣ್ಣಗಾಗುವಂಥವು. ಒಳಗಿನ ಶಾಖದ ಬಹುಪಾಲು ಸೈಲೆನ್ಸರ್ ಮೂಲಕ ಹೊಗೆಯ ಜೊತೆಗೂ, ರೇಡಿಯೇಟರ್ ಮೂಲಕ ನೀರಿನ ಜೊತೆಗೂ ಹೋಗುತ್ತದೆ. ಬ್ಲಾಕಿನ ಹೊರಮೈಯಿಂದ ಹೋಗುವುದು ಸಣ್ಣ ಪಾಲು. ಆ ಸಣ್ಣ ಪಾಲಿಗಾದರೂ ಪೇಂಟ್ ಅಡ್ಡಿಯೇ ಎಂದು ಲೆಕ್ಕ ಹಾಕೋಣ. ಎರಡು ಮೂರು ಕೋಟ್ ಸೇರಿ ಪದರದ ದಪ್ಪ ಸುಮಾರು 0.1 ಮಿ.ಮೀ. ಹೊರಮೈಯ ಒಂದು ಚದರ ಮೀಟರಿನಿಂದ 1000 ವ್ಯಾಟ್ ಶಾಖ ಹೊರಬೀಳುತ್ತಿದೆ ಎಂದುಕೊಂಡರೂ, ಪೇಂಟಿನ ಒಳಬದಿಗೂ ಹೊರಬದಿಗೂ ಬರುವ ವ್ಯತ್ಯಾಸ ಅರ್ಧ ಡಿಗ್ರಿಯಷ್ಟು. ಅಷ್ಟಕ್ಕೆ ಯಾವ ಎಂಜಿನ್ನೂ ಸೀಜ್ ಆಗುವುದಿಲ್ಲ.

ಇನ್ನು ಯಾವ ಬಣ್ಣ ತಂಪು ಎಂಬ ಪ್ರಶ್ನೆ. ಬಿಸಿಲಿನಲ್ಲಿ ನಿಂತ ಕಾರಿನ ಟಾಪಿಗೆ ಬಿಳಿ, ಕಪ್ಪು ಎಂಬ ವ್ಯತ್ಯಾಸ ನಿಜ. ಆದರೆ ಬಾನೆಟ್ ಕೆಳಗಿನ ಎಂಜಿನ್‌ಗೆ ಬಿಸಿಲು ಬೀಳುವುದಿಲ್ಲ. ಅದು ತಾನೇ ಶಾಖವನ್ನು ಹೊರಸೂಸುತ್ತದೆ, ಅದೂ ಕಣ್ಣಿಗೆ ಕಾಣದ ಇನ್ಫ್ರಾರೆಡ್ ರೂಪದಲ್ಲಿ. ಆ ಲೆಕ್ಕದಲ್ಲಿ ಕೆಂಪು, ಹಸಿರು, ಕಪ್ಪು ಎಲ್ಲ ಪೇಂಟುಗಳೂ ಹೆಚ್ಚುಕಡಿಮೆ ಒಂದೇ. ಅಲ್ಯೂಮಿನಿಯಂ ಪುಡಿ ಇರುವ ಸಿಲ್ವರ್ ಬಣ್ಣವೇ ಉಳಿದವುಗಳಿಗಿಂತ ಕಡಿಮೆ ಶಾಖ ಸೂಸುತ್ತದೆ. ಅಂದರೆ ಫಾರ್ವರ್ಡ್ ಹೇಳುವುದರ ಉಲ್ಟಾ! ವ್ಯತ್ಯಾಸ ಚಿಕ್ಕದು, ನಿಮಗಿಷ್ಟವಾದ ಬಣ್ಣ ಹೊಡೆಯಿರಿ.

"ಮಲಿಕ್-ಎ-ಮೈದಾನ್ ತೋಪಿಗೆ ಯಾರು ಪೇಂಟ್ ಹೊಡೆದಿದ್ದಾರೆ, ಅದು ಚೆನ್ನಾಗಿಯೇ ಇಲ್ಲವೇ?" ಎಂದು ಕೇಳುವವರೂ ಇದ್ದಾರೆ. ಆ ತೋಪು 1549ರಲ್ಲಿ ಎರಕ ಹೊಯ್ದ ಕಂಚು. ಕಂಚಿಗೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಎರಕದ ಕಬ್ಬಿಣದ ಬ್ಲಾಕನ್ನು ಎಣ್ಣೆಜಿಡ್ಡು ಪೂರ್ತಿ ಹೋಗುವಂತೆ ತೊಳೆದು ಮಳೆಗಾಲದಲ್ಲಿ ಒಂದು ರಾತ್ರಿ ಹಾಗೇ ಬಿಟ್ಟು ನೋಡಿ, ಬೆಳಿಗ್ಗೆಗೆ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ. ಪೇಂಟಿನ ಮುಖ್ಯ ಉಪಯೋಗ ಅದನ್ನು ತಡೆಯುವುದು. ಇನ್ನೊಂದು ಉಪಯೋಗವೂ ಇದೆ: ತಿಳಿ ಬಣ್ಣದ ಎಂಜಿನ್ ಮೇಲೆ ಎಣ್ಣೆ ಸೋರಿಕೆ ಬೇಗ ಕಾಣುತ್ತದೆ.

ಹೊರಗಿನ ಬಣ್ಣವಲ್ಲ, ಒಳಗಿನ ಸುಣ್ಣ

ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ಮನೆಯ ಗೀಸರ್, ಸೋಲಾರ್ ಪೈಪು, ನೀರು ಕಾಯಿಸುವ ಪಾತ್ರೆ ನೋಡಿದರೆ ಗೊತ್ತಾಗುತ್ತದೆ. ಒಳಗೆ ಬಿಳಿ ಚಕ್ಕೆ ಕಟ್ಟಿರುತ್ತದೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರ್‌ಗೆ ಸುರಿದಾಗ, ಅದೇ ಚಕ್ಕೆ ಸಿಲಿಂಡರ್ ಸುತ್ತಲಿನ ನೀರಿನ ದಾರಿಯಲ್ಲಿ ಕಟ್ಟುತ್ತದೆ.

ಇಲ್ಲಿ ಲೆಕ್ಕ ಬೇರೆಯಾಗುತ್ತದೆ. ಹೊರಮೈಯಲ್ಲಿ ಚದರ ಮೀಟರಿಗೆ ಸಾವಿರ ವ್ಯಾಟ್ ಇದ್ದರೆ, ಸಿಲಿಂಡರ್ ಗೋಡೆಯಿಂದ ನೀರಿಗೆ ಹರಿಯುವ ಶಾಖ, ಗಾಡಿ ಲೋಡ್ ಎಳೆಯುವಾಗ, ಅದೇ ಅಳತೆಯಲ್ಲಿ ಲಕ್ಷ ವ್ಯಾಟ್ ಮುಟ್ಟುತ್ತದೆ. ಸುಣ್ಣದ ಚಕ್ಕೆಗೆ ಶಾಖ ದಾಟಿಸುವ ಶಕ್ತಿ ಎರಕದ ಕಬ್ಬಿಣದ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಹೀಗಾಗಿ ಒಂದೇ ಒಂದು ಮಿ.ಮೀ. ಚಕ್ಕೆ ಇದ್ದರೂ ಗೋಡೆಯ ಉಷ್ಣತೆ 50 ಡಿಗ್ರಿ, ಅದಕ್ಕೂ ಹೆಚ್ಚು ಏರಬಹುದು. ಹೊರಗಿನ ಪೇಂಟಿನ ಅರ್ಧ ಡಿಗ್ರಿಗೆ ಹೆದರಿ ಒಳಗಿನ ಈ ಐವತ್ತು ಡಿಗ್ರಿಯನ್ನು ಮರೆಯುವುದೇ ದೊಡ್ಡ ತಪ್ಪು.

ಎಂಜಿನ್ ಬಿಚ್ಚಿದ್ದೀರಿ ಎಂದರೆ ಇದನ್ನು ಸರಿಪಡಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಬ್ಲಾಕಿನ ಪಕ್ಕದ ದುಂಡನೆಯ ತಗಡಿನ ಬಿಲ್ಲೆಗಳನ್ನು, ಅಂದರೆ ಕೋರ್ ಪ್ಲಗ್‌ಗಳನ್ನು ತೆಗೆಸಿ, ಒಳಗಿನ ಕೆಸರು, ತುಕ್ಕು, ಚಕ್ಕೆಯನ್ನು ಕೆರೆದು ತೊಳೆಯಬೇಕು. ಹೊಸ ಪ್ಲಗ್ ಹಾಕಿದ ಮೇಲೆ ಬೋರ್ ನೀರು ಮತ್ತೆ ಬೇಡ. ಡಿಸ್ಟಿಲ್ಡ್ ಅಥವಾ ಆರ್‌ಒ ನೀರಿಗೆ ಕೂಲಂಟ್ ಬೆರೆಸಿ ಹಾಕಿ. ಬರೀ ಶುದ್ಧ ನೀರು ತುಕ್ಕು ತಡೆಯುವುದಿಲ್ಲ, ಕೂಲಂಟಿನಲ್ಲಿರುವ ರಾಸಾಯನಿಕಗಳು ತಡೆಯುತ್ತವೆ. ಕೂಲಂಟ್ ವಿಷ, ರುಚಿ ಸಿಹಿ. ಮಕ್ಕಳು, ನಾಯಿ, ದನಗಳಿಗೆ ಸಿಗದಂತೆ ಇಡಿ.

ಮನೆಯಲ್ಲಿ ಎಷ್ಟು, ಲೇತ್ ಅಂಗಡಿಯಲ್ಲಿ ಎಷ್ಟು?

ಬಿಚ್ಚುವುದು, ಗುರುತು ಹಾಕುವುದು, ತೊಳೆಯುವುದು, ಬಣ್ಣ, ಮರುಜೋಡಣೆ ಇಷ್ಟನ್ನು ತಾಳ್ಮೆ ಇರುವವರು ಮನೆಯಲ್ಲಿ ಮಾಡಬಹುದು. ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಮಾತ್ರ ಯಂತ್ರದ ಕೆಲಸ, ಇದಕ್ಕೆ ನಗರದ ಅಂಗಡಿಗೆ ಒಯ್ಯಲೇಬೇಕು. "ಎಮರಿ ಪೇಪರ್ ಹಿಡಿದು ಕೈಯಲ್ಲೇ ಬೋರ್ ಸರಿ ಮಾಡಿ" ಎನ್ನುವ ವಿಡಿಯೋ ನಂಬಬೇಡಿ. ಸವೆದ ಸಿಲಿಂಡರ್ ದುಂಡಗೆ ಉಳಿದಿರುವುದಿಲ್ಲ, ಕೈಯಿಂದ ಉಜ್ಜಿದರೆ ಅದು ದುಂಡಗಾಗುವುದೂ ಇಲ್ಲ.

ಅಂಬಾಸಿಡರ್ ಎಂಜಿನ್‌ನ ತೂಕ ಒಂದೂವರೆ ಕ್ವಿಂಟಲ್‌ಗೂ ಮೇಲೆ. ತೋಟದ ಬೇವಿನ ಟೊಂಗೆಗೋ ಶೆಡ್ಡಿನ ತಗಡಿನ ಆಂಗಲ್‌ಗೋ ಚೈನ್ ಬಿಗಿದು ಎತ್ತುವ ಧೈರ್ಯ ಬೇಡ. ಬಾಡಿಗೆಗೆ ಸಿಗುವ ಎಂಜಿನ್ ಹಾಯ್ಸ್ಟ್ ತನ್ನಿ, ತೂಗುವ ಎಂಜಿನ್ ಕೆಳಗೆ ಕೈಕಾಲು ಇಡಬೇಡಿ.

ಬೇರಿಂಗ್ ಮತ್ತು ಕ್ರ್ಯಾಂಕ್ ನಡುವೆ ಎಣ್ಣೆ ನಿಲ್ಲುವ ಜಾಗ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು, ತಲೆಗೂದಲಿಗಿಂತ ಸಣ್ಣದು. ಒಂದು ಮರಳಿನ ಕಣ ಅದಕ್ಕಿಂತ ದಪ್ಪ. ಬೇಸಿಗೆಯ ಬಿರುಗಾಳಿಯಲ್ಲಿ ಅಂಗಳದಲ್ಲಿ ಕೂತು ಬೇರಿಂಗ್ ಜೋಡಿಸಿದರೆ ಹೊಲದ ಧೂಳನ್ನೂ ಜೊತೆಗೆ ಜೋಡಿಸಿದಂತೆ. ಒಂದು ಮುಚ್ಚಿದ ಕೋಣೆ, ಒದ್ದೆ ನೆಲ, ಸ್ವಚ್ಛ ಬಟ್ಟೆ ಸಾಕು. ಪೇಂಟ್ ಚೆನ್ನಾಗಿ ಕೂರಲಿ ಎಂದು ಬ್ಲಾಕಿಗೆ ಸ್ಯಾಂಡ್ ಬ್ಲಾಸ್ಟ್ ಮಾಡಿಸುವವರೂ ಇದ್ದಾರೆ. ಎಣ್ಣೆ ದಾರಿಗಳ ಒಳಗೆ ಸೇರಿಕೊಂಡ ಮರಳು ಎಷ್ಟು ತೊಳೆದರೂ ಪೂರ್ತಿ ಬರುವುದು ಕಷ್ಟ. ಅದು ಹೊರಬರುವುದು ಎಂಜಿನ್ ಓಡಲು ಶುರುವಾದ ಮೇಲೆ, ಸೀದಾ ಹೊಸ ಬೇರಿಂಗಿಗೆ. ನಮ್ಮ ಸಲಹೆ: ವೈರ್ ಬ್ರಷ್, ಡಿಗ್ರೀಸರ್, ತೋಳಿನ ಶಕ್ತಿ.

ಹೆಡ್ ಬಿಚ್ಚಿದಾಗ ವಾಲ್ವ್ ಸೀಟ್ ಬಗ್ಗೆ ಕೇಳಿಕೊಳ್ಳಿ. ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಕಬ್ಬಿಣದ ಹೆಡ್‌ಗಳ ಮೆದು ಸೀಟುಗಳಿಗೆ ಆ ಸೀಸವೇ ಒಂದು ರೀತಿಯ ರಕ್ಷಣೆಯಾಗಿತ್ತು. ಗಟ್ಟಿ ಸೀಟ್ ಹಾಕಿಸುವುದಿದ್ದರೆ ಇದೇ ಸಮಯ. ಹಾಗೆಯೇ ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಅದರಿಂದ ಎಂಜಿನ್ ತಕ್ಷಣ ಸತ್ತುಹೋಗುತ್ತದೆ ಎಂಬುದು ಉತ್ಪ್ರೇಕ್ಷೆ, ಆದರೆ ಹಳೆ ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಂ ಅದಕ್ಕೆ ತಾಳುವುದಿಲ್ಲ ಎಂಬುದು ನಿಜ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವ ಮೊದಲು ಎಥೆನಾಲ್ ತಾಳುವ ಹೊಸ ಪೈಪ್ ಹಾಕಿ.

"ಪೆಟ್ರೋಲ್ ಅಪಾಯ, ಸೀಮೆಎಣ್ಣೆ ಸೇಫ್" ನಿಜವೇ?

ಬೆಂಗಳೂರಿನ ಜನವರಿಯಲ್ಲಿ ಸ್ವಲ್ಪ ಮಟ್ಟಿಗೆ ನಿಜ. ವಿಜಯಪುರದ ಏಪ್ರಿಲ್‌ನಲ್ಲಿ ಅಲ್ಲ. ಒಂದು ದ್ರವದ ಮೇಲೆ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಏಳಲು ಬೇಕಾದ ಉಷ್ಣತೆಗೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಪೆಟ್ರೋಲಿನದು ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಹಾಗಾಗಿ ಅದು ಯಾವ ಋತುವಿನಲ್ಲೂ ಅಪಾಯವೇ. ಸೀಮೆಎಣ್ಣೆ ಮತ್ತು ಡೀಸೆಲ್‌ಗೆ ಭಾರತೀಯ ಮಾನಕ ಕೇಳುವುದು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ನೆರಳಿನಲ್ಲೇ 40 ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ ಇಟ್ಟ ಸೀಮೆಎಣ್ಣೆ ಬಕೆಟ್ ಆಗ ಸೇಫ್ ಅಲ್ಲ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಪಕ್ಕದ ಕೋಣೆಯ ಒಲೆಯನ್ನೋ ಗ್ರೈಂಡರ್ ಕಿಡಿಯನ್ನೋ ಮುಟ್ಟಬಹುದು. ತೊಳೆಯುವ ಕೆಲಸ ಬೆಳಿಗ್ಗೆ, ಬಯಲಿನಲ್ಲಿ, ನೀರಿನಲ್ಲಿ ಕರಗುವ ಡಿಗ್ರೀಸರ್‌ನಿಂದ ಮಾಡಿ.

ಕಾಸ್ಟಿಕ್ ಸೋಡಾ ನೀರಿನಲ್ಲಿ ಭಾಗಗಳನ್ನು ಕುದಿಸುವ ಸಲಹೆಯೂ ಓಡಾಡುತ್ತದೆ. ಕಬ್ಬಿಣಕ್ಕೆ ಅದು ನಡೆಯುತ್ತದೆ. ಪದ್ಮಿನಿಯ ಅಲ್ಯೂಮಿನಿಯಂ ಹೆಡ್, ಪಿಸ್ಟನ್, ಕಾರ್ಬ್ಯುರೇಟರ್‌ಗಳನ್ನು ಹಾಕಿದರೆ ಕಾಸ್ಟಿಕ್ ಅವನ್ನೇ ತಿನ್ನುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಉಕ್ಕಿಸುತ್ತದೆ. ಆ ಕುದಿಯುವ ದ್ರಾವಣ ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು.

ಧೂಳು ಮತ್ತು ಸ್ಪ್ರೇ

ಹಳೆ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. 2017ರ ನವೆಂಬರ್‌ನಿಂದ ಜಾರಿಯಾದ 90 ಪಿಪಿಎಂ ಮಿತಿ ಮನೆಗೆ ಬಳಿಯುವ ಪೇಂಟುಗಳದ್ದು. ಹಳೆಯ ಗ್ಯಾಸ್ಕೆಟ್, ಕ್ಲಚ್ ಪ್ಲೇಟ್, ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಎರಡನ್ನೂ ಒಣಗಿದ್ದಾಗ ಉಜ್ಜಬಾರದು, ಕಂಪ್ರೆಸರ್ ಗಾಳಿಯಿಂದ ಊದಬಾರದು. ಒದ್ದೆ ಮಾಡಿ ಕೆರೆಯಿರಿ, ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ. ಸೀಸ ದೊಡ್ಡವರಿಗಿಂತ ಮಕ್ಕಳ ಮೆದುಳಿಗೆ ಹೆಚ್ಚು ಹಾನಿ ಮಾಡುತ್ತದೆ.

ಹಾರ್ಡ್‌ನರ್ ಬೆರೆಸುವ ಎರಡು ಡಬ್ಬಿಯ ಪೇಂಟುಗಳು (2ಕೆ ಎನ್ನುತ್ತಾರೆ) ಥಳಥಳಿಸುತ್ತವೆ. ಅವುಗಳ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಒಮ್ಮೆ ದೇಹ ಅದಕ್ಕೆ ಅಲರ್ಜಿಯಾಗಿ ತಿರುಗಿದರೆ ಮುಂದೆ ಅತ್ಯಲ್ಪ ಪ್ರಮಾಣವೂ ಅಸ್ತಮಾ ಎಬ್ಬಿಸುತ್ತದೆ. ಎನ್95 ಮಾಸ್ಕ್ ಇದರ ಆವಿಯನ್ನು ತಡೆಯುವುದಿಲ್ಲ, ಕರವಸ್ತ್ರದ ಮಾತಂತೂ ಬೇಡ. ಹೊರಗಿನಿಂದ ಗಾಳಿ ಪೂರೈಸುವ ಮುಖವಾಡ ಇಲ್ಲದಿದ್ದರೆ ಈ ಪೇಂಟನ್ನು ಮನೆಯಲ್ಲಿ ಸ್ಪ್ರೇ ಮಾಡಲೇಬಾರದು. ಎಂಜಿನ್‌ಗೆ ಅದು ಬೇಕಾಗಿಯೂ ಇಲ್ಲ. ಶಾಖ ತಾಳುವ ಒಂದೇ ಡಬ್ಬಿಯ ಎಂಜಿನ್ ಎನಾಮೆಲ್ ಸಾಕು, ಬ್ರಷ್‌ನಲ್ಲೂ ಚೆನ್ನಾಗಿ ಬರುತ್ತದೆ.

ಎಲ್ಲಿ ಯಾವ ಪೇಂಟ್ ಎಂಬುದಕ್ಕೆ ಅಡುಗೆಮನೆಯ ಉದಾಹರಣೆ ಸಾಕು. ಬ್ಲಾಕಿನ ಹೊರಮೈ ಕುದಿಯುವ ನೀರಿನ ಪಾತ್ರೆಯಿದ್ದಂತೆ, ಸುಮಾರು 100 ಡಿಗ್ರಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ರೊಟ್ಟಿ ಹಂಚಿಗಿಂತಲೂ ಬಿಸಿ, ಹಲವು ನೂರು ಡಿಗ್ರಿ. ಅಲ್ಲಿ ಸಾಮಾನ್ಯ ಎನಾಮೆಲ್ ಸುಟ್ಟು ಹೊಗೆಯಾಗುತ್ತದೆ, 600 ಡಿಗ್ರಿ ತಾಳುವ ಸಿಲಿಕೋನ್ ಪೇಂಟ್ ಬೇಕು. ಗ್ಯಾಸ್ಕೆಟ್ ಕೂರುವ ಮುಖಗಳಿಗೆ ಬಣ್ಣ ತಾಗಬಾರದು. ಅರ್ತ್ ವೈರ್ ಕೂರುವ ಜಾಗಕ್ಕೂ ತಾಗಬಾರದು. ಎಷ್ಟೋ ಸಲ ಹೊಸದಾಗಿ ಕಟ್ಟಿದ ಎಂಜಿನ್ ಸ್ಟಾರ್ಟ್ ಆಗದಿರಲು ಕಾರಣ ಇಷ್ಟೇ: ಪೇಂಟಿನ ಮೇಲೆ ಅರ್ತ್ ಬಿಗಿದಿರುತ್ತಾರೆ. ಲೋಹ ಬಿಸಿಲಿಗೆ ಕಾದಾಗ ಪೇಂಟ್ ಸರಿಯಾಗಿ ಹರಡುವ ಮೊದಲೇ ಒಣಗಿ ಒರಟಾಗುತ್ತದೆ, ಬೆಳಗಿನ ಹೊತ್ತೇ ಸರಿ.

ಮೊದಲ ಸ್ಟಾರ್ಟ್ ಬಯಲಿನಲ್ಲೇ ಆಗಲಿ. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ.

ಆರ್‌ಟಿಒ ಏನು ಹೇಳುತ್ತದೆ?

ಎಂಜಿನ್‌ಗೆ ಬಣ್ಣ ಹೊಡೆಯಲು ಅನುಮತಿ ಬೇಕಿಲ್ಲ. ಬಾಡಿ ಬಣ್ಣ ಬದಲಿಸಿದರೆ, ಬೇರೆ ಎಂಜಿನ್ ಕೂರಿಸಿದರೆ ಆರ್‌ಸಿಯಲ್ಲಿ ದಾಖಲಾಗಬೇಕು. ಬ್ಲಾಕಿನ ಮೇಲೆ ಕೆತ್ತಿದ ಎಂಜಿನ್ ನಂಬರನ್ನು ಉಜ್ಜಿ ಅಳಿಸಬೇಡಿ, ದಪ್ಪ ಪೇಂಟಿನಲ್ಲಿ ಮುಚ್ಚಲೂ ಬೇಡಿ. ತಪಾಸಣೆಗೆ ಅದು ಓದಲು ಬರಬೇಕು. "15 ವರ್ಷ ದಾಟಿದ ಗಾಡಿ ದೇಶದಾದ್ಯಂತ ಬ್ಯಾನ್" ಎಂಬ ಫಾರ್ವರ್ಡ್ ಬಂದರೆ ಅಲ್ಲೇ ಅಳಿಸಿ. ವಯಸ್ಸಿನ ಆ ನಿರ್ಬಂಧದ ಆದೇಶ ಬಂದದ್ದು ದೆಹಲಿ ಸುತ್ತಲಿನ ಪ್ರದೇಶಕ್ಕೆ. ಇಲ್ಲಿ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಬಹುದು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಯೂ ಇದೆ, ನಂಬರಿನಲ್ಲಿ 'ವಿಎ' ಅಕ್ಷರಗಳು ಬರುತ್ತವೆ. ಅದಕ್ಕೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆ ಆಸೆ ಇರುವವರು ಎಂಜಿನ್ ಬದಲಿಸುವ ಮೊದಲೇ ಕೆಎ 28 ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.